ಟ್ಯಾಂಕ್ ಎಲ್ಲಿದೆ ಸಾರ್?

ಬನ್ನೇರುಘಟ್ಟ ರಸ್ತೆಯ ಗದ್ದಲದಿಂದ ತಪ್ಪಿಸಿಕೊಂಡು ಐಐಎಂ ಗೇಟಿನ ಮುಂದೆ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಕಾವಲು ಕೋಣೆಯ ಕಿಟಕಿಯಿಂದ ಉದ್ದನೆಯ ರಿಜಿಸ್ಟರ್ ಹೊರಗೆ ಬಂತು. ಹೆಸರು, ಊರು, ಮೊಬೈಲ್ ನಂಬರು, ಯಾರನ್ನು ನೋಡಬೇಕು, ಯಾಕೆ ನೋಡಬೇಕು. ಮೊದಲ ನಾಲ್ಕನ್ನು ಸರಸರನೆ ತುಂಬಿದ ಗೆಳೆಯ ಐದನೆಯದರ ಎದುರು ಪೆನ್ನು ಎತ್ತಿ ಹಿಡಿದು ನಿಂತುಬಿಟ್ಟ. ಎಂಜಿನಿಯರಿಂಗ್ ವೈವಾದಲ್ಲೂ ಹೀಗೇ ನಿಲ್ಲುತ್ತಿದ್ದ.

“ಸಿನಿಮಾ ನೋಡೋಕೆ ಅಂತ ಬರೀಲೇನೋ?”

ಕಾವಲುಗಾರರು ನಮ್ಮಿಬ್ಬರ ಮುಖ, ನರೆತ ಗಡ್ಡ, ಕೈಯಲ್ಲಿ ಸಿದ್ಧವಾಗಿದ್ದ ಮೊಬೈಲು ನೋಡಿ ನಕ್ಕರು. “ತ್ರೀ ಈಡಿಯಟ್ಸಾ? ಬರೋರೆಲ್ಲ ಮೊದಲು ಕೇಳೋದು ಒಂದೇ, ಟ್ಯಾಂಕ್ ಎಲ್ಲಿದೆ ಸಾರ್ ಅಂತ.” ಆಮೇಲೆ ತಾವೇ ಪರಿಹಾರ ಸೂಚಿಸಿದರು: “ಖಾಸಗಿ ಅಂತ ಬರೀರಿ.”

ಇದು ಪ್ರವಾಸಿ ತಾಣವಲ್ಲ, ಪಾಠ ನಡೆಯುವ ಜಾಗ. ಒಳಗಿನ ಪರಿಚಯದವರೊಬ್ಬರು ಸಂಜೆ ಐದರವರೆಗೆ ನಮ್ಮ ಹೊಣೆ ಹೊತ್ತಿದ್ದರು. ನಾವು ಮೂವರು ಬರಬೇಕಿತ್ತು. ನಾನು, ಜರ್ಮನಿಯಿಂದ ಹದಿನೈದು ದಿನದ ರಜೆಗೆ ಬಂದ ಈ ರೂಮ್‌ಮೇಟು, ತೀರ್ಥಹಳ್ಳಿಯ ಕಡೆ ಅಡಿಕೆ ತೋಟ ನೋಡಿಕೊಂಡಿರುವ ಇನ್ನೊಬ್ಬ. ಆ ಇನ್ನೊಬ್ಬನಿಂದ ಆಗಷ್ಟೇ ಫೋನು ಬಂದಿತ್ತು: “ಡೈರಿ ಸರ್ಕಲ್ಲು ಮಾರಾಯ. ಹತ್ತೇ ನಿಮಿಷ.” ಬೆಂಗಳೂರಿನಲ್ಲಿ ಹತ್ತು ನಿಮಿಷ ಎಂಬುದು ಕಾಲದ ಅಳತೆಯಲ್ಲ, ಆಶಾವಾದದ ಅಳತೆ. ನಾವಿಬ್ಬರೂ ಒಳಗೆ ನಡೆದೆವು.

ದೆಹಲಿಯ ಕಾಲೇಜು, ಬೆಂಗಳೂರಿನ ಕಲ್ಲು

‘3 ಈಡಿಯಟ್ಸ್’ ಬಿಡುಗಡೆಯಾದದ್ದು 2009ರ ಡಿಸೆಂಬರ್ 25ರಂದು. ನಾವು ಪದವಿ ಮುಗಿಸಿದ್ದು ಅದೇ ವರ್ಷ ಜೂನಿನಲ್ಲಿ. ಜಗತ್ತಿನ ಆರ್ಥಿಕತೆ ಮುಗ್ಗರಿಸಿ ಬಿದ್ದಿದ್ದ ಕಾಲ ಅದು. ಕೈಯಲ್ಲಿ ಆಫರ್ ಲೆಟರ್ ಇತ್ತು, ಅದರಲ್ಲಿ ಕೆಲಸಕ್ಕೆ ಸೇರುವ ದಿನಾಂಕ ಇರಲಿಲ್ಲ. ಶಿವಮೊಗ್ಗದ ಟಾಕೀಸಿನಲ್ಲಿ ಮೂವರೂ ಸಾಲಾಗಿ ಕೂತು ನೋಡಿದ್ದೆವು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಹೊರಗೆ ಬಂದು ಬೈಟು ಕಾಫಿ ಕುಡಿಯುವಾಗ ಯಾರೂ ಮಾತಾಡಿರಲಿಲ್ಲ. ಬೈಟುವನ್ನು ಮೂರು ಲೋಟಕ್ಕೆ ಹಂಚಿಕೊಂಡಿದ್ದೆವು ಎಂಬುದೂ ನೆನಪಿದೆ.

ಕತೆಯ ಎಳೆ ಸರಳ. ವಿಮಾನ ಹೊರಡುವ ಹೊತ್ತಿಗೆ, ಕತೆ ಹೇಳುವ ಫರ್ಹಾನನಿಗೆ ಹಳೆಯ ಸಹಪಾಠಿಯೊಬ್ಬನ ಕರೆ ಬರುತ್ತದೆ. ಹೃದಯಾಘಾತದ ನಾಟಕ ಆಡಿ ವಿಮಾನವನ್ನೇ ಹಿಂದಕ್ಕೆ ಇಳಿಸುತ್ತಾನೆ. ಗೆಳೆಯ ರಾಜುವನ್ನು ಮನೆಯಿಂದ ಎಳೆದುಕೊಂಡು ಹೊರಡುತ್ತಾನೆ. ರಾಜು ಪ್ಯಾಂಟು ಹಾಕುವುದನ್ನೇ ಮರೆತಿರುತ್ತಾನೆ. ಇಬ್ಬರೂ ಓಡುವುದು ಕಾಲೇಜಿನ ತಾರಸಿಯ ನೀರಿನ ಟ್ಯಾಂಕಿನ ಬಳಿಗೆ. ಹತ್ತು ವರ್ಷ ಹಿಂದೆ, ಸೆಪ್ಟೆಂಬರ್ 5ರಂದು, ಅದೇ ಜಾಗದಲ್ಲಿ ಚತುರ್ ರಾಮಲಿಂಗಂ ಎಂಬ ಉರುಹೊಡೆಯುವ ವೀರ ಪಂಥ ಕಟ್ಟಿದ್ದ: ಯಾರು ಗೆದ್ದಿದ್ದಾರೆಂದು ಹತ್ತು ವರ್ಷದ ನಂತರ ಇಲ್ಲೇ ನೋಡೋಣ. ಚತುರ್ ಬಂಗಲೆ, ಕಾರುಗಳ ಫೋಟೊ ಹಿಡಿದು ಬಂದಿದ್ದಾನೆ. ಪಂಥಕ್ಕೆ ಕಾರಣನಾದ ಮೂರನೆಯ ಗೆಳೆಯ ರಾಂಚೊ ಮಾತ್ರ ನಾಪತ್ತೆ. ಅಲ್ಲಿಂದ ಕಾರು ಶಿಮ್ಲಾ, ಮನಾಲಿ ದಾಟಿ ಲಡಾಖ್‌ವರೆಗೆ ಓಡುತ್ತದೆ. ದಾರಿಯುದ್ದಕ್ಕೂ ಕಾಲೇಜಿನ ದಿನಗಳು ಹಿಂದಕ್ಕೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತವೆ.

ಕತೆಯಲ್ಲಿ ಆ ಕಾಲೇಜು ಇರುವುದು ದೆಹಲಿಯಲ್ಲಿ. ಹೆಸರು ಇಂಪೀರಿಯಲ್ ಕಾಲೇಜ್ ಆಫ್ ಎಂಜಿನಿಯರಿಂಗ್. ಕ್ಯಾಮೆರಾ ನೋಡಿದ್ದು ಮಾತ್ರ ಬೆಂಗಳೂರಿನ ಬಿಳೇಕಹಳ್ಳಿಯ ಈ ನೂರು ಎಕರೆಯನ್ನು. ಮೂಲ ಎಳೆ ಚೇತನ್ ಭಗತ್ 2004ರಲ್ಲಿ ಬರೆದ ಇಂಗ್ಲಿಷ್ ಕಾದಂಬರಿಯದು. ಅವರು ಓದಿದ್ದು ಐಐಟಿ ದೆಹಲಿ, ಆಮೇಲೆ ಐಐಎಂ ಅಹಮದಾಬಾದ್. ಅಂದರೆ ಒಂದು ಐಐಟಿಯ ಹಾಸ್ಟೆಲಿನಲ್ಲಿ ಹುಟ್ಟಿದ ಕತೆ, ಒಂದು ಐಐಎಂನಲ್ಲಿ ಓದಿದವರ ಕೈಯಿಂದ ಪುಸ್ತಕವಾಗಿ, ರಾಜಕುಮಾರ್ ಹಿರಾನಿ ಮತ್ತು ಅಭಿಜಾತ್ ಜೋಶಿಯವರ ಚಿತ್ರಕತೆಯಲ್ಲಿ ಬಹಳಷ್ಟು ರೂಪ ಬದಲಿಸಿ, ಮತ್ತೊಂದು ಐಐಎಂಗೆ ವೇಷ ತೊಡಿಸಿ ನಿಲ್ಲಿಸಿತು. ಇಲ್ಲಿ ಚಿತ್ರೀಕರಣ ನಡೆದದ್ದು 2008ರಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗಳಾಗಿ ಬ್ಯಾಗು ಹೊತ್ತು ಬಂದ ಆಮಿರ್ ಖಾನ್‌ಗೆ ಆಗ 43 ವರ್ಷ, ಮಾಧವನ್‌ಗೆ 38. ನಮ್ಮ ಕಾಲೇಜಿನಲ್ಲೂ ‘ಬ್ಯಾಕ್’ ಉಳಿಸಿಕೊಂಡು ವರ್ಷಗಟ್ಟಲೆ ಕೂತ ಸೀನಿಯರುಗಳಿದ್ದರು, ಆದರೆ ಇಷ್ಟು ವರ್ಷ ಯಾರೂ ಕೂತಿರಲಿಲ್ಲ.

ನೆರಳು ನಡೆಯುವ ದಾರಿ

ಹೊರಗಿನ ರಸ್ತೆಯಿಂದ ಇನ್ನೂರು ಹೆಜ್ಜೆ ಒಳಗೆ ಬಂದರೆ ಸದ್ದು ಬದಲಾಗುತ್ತದೆ. ಹಾರ್ನ್ ಹಿಂದೆ ಸರಿದು ಗಿಳಿಗಳ ಜಗಳ ಮುಂದೆ ಬರುತ್ತದೆ. ಮರಗಳ ನಡುವೆ ಒರಟು ಬೂದುಗಲ್ಲಿನ ಗೋಡೆಗಳು ಕಾಣಿಸುತ್ತವೆ. ಎದುರಿಗೆ ನಿಂತು ಇದು ಕಟ್ಟಡದ ಮುಂಭಾಗ ಎನ್ನುವಂಥ ಒಂದು ಮುಖ ಇದಕ್ಕಿಲ್ಲ. ಗೋಪುರವಿಲ್ಲ, ಗುಮ್ಮಟವಿಲ್ಲ. ಕಲ್ಲಿನ ನಡುವೆ ಒಂದು ತೆರಪು ಕಾಣುತ್ತದೆ, ಅದರೊಳಗೆ ಹೊಕ್ಕರೆ ಒಂದು ಓಣಿಯಲ್ಲಿದ್ದೇವೆ ಎಂದು ತಿಳಿಯುತ್ತದೆ. ಓಣಿಯ ಕೊನೆಗೆ ಅಂಗಳ, ಅಂಗಳದ ಮೂಲೆಯಲ್ಲಿ ನಾಲ್ಕು ಮೆಟ್ಟಿಲು, ಮೆಟ್ಟಿಲ ಮೇಲೆ ಇನ್ನೊಂದು ಓಣಿ.

ಈ ಓಣಿಗಳೇ ಇಲ್ಲಿಯ ಮುಖ್ಯ ಕಟ್ಟಡ. ಕೆಲವು ಮೂರು ಮಹಡಿಯಷ್ಟು ಎತ್ತರ. ನೆತ್ತಿಯ ಮೇಲೆ ಕೆಲವೆಡೆ ಪೂರ್ತಿ ಸೂರು, ಕೆಲವೆಡೆ ಬೆಳಕಿಂಡಿ, ಬಹಳ ಕಡೆ ಕಾಂಕ್ರೀಟಿನ ತೊಲೆಗಳ ಚಪ್ಪರ. ತೊಲೆಗಳ ನಡುವಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಬಳ್ಳಿಗಳು ತೊಲೆ ಹಿಡಿದು ಕೆಳಗೆ ಇಳಿಬಿದ್ದಿವೆ. ಒಂದು ನಾಯಿ ದಾರಿಯ ನಟ್ಟನಡುವೆ, ಬಿಸಿಲಿನ ಒಂದು ಪಟ್ಟೆಯನ್ನು ಪೂರ್ತಿ ತನ್ನದು ಮಾಡಿಕೊಂಡು ಮಲಗಿತ್ತು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದಾಗ ಪಟ್ಟೆ ಎರಡಡಿ ಸರಿದಿತ್ತು, ನಾಯಿಯೂ ಎರಡಡಿ ಸರಿದಿತ್ತು. ಇಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಡವನ್ನು ಅರ್ಥ ಮಾಡಿಕೊಂಡವರು ಇನ್ನೊಬ್ಬರಿರಲಾರರು.

ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟೆ. ಪಾಲಿಶ್ ಇಲ್ಲದ ಗ್ರಾನೈಟು. ಒಂದೊಂದು ಕಲ್ಲಿನ ಮೇಲೂ ಉಳಿಯ ಕಚ್ಚು ಹಾಗೇ ಉಳಿದಿದೆ. ಒಂದರಲ್ಲಿ ಅಡ್ಡಡ್ಡ ಗೆರೆ, ಪಕ್ಕದ್ದರಲ್ಲಿ ಸಿಡುಬಿನ ಕಲೆಯಂಥ ಚುಕ್ಕಿ. ಎರಡು ಕಲ್ಲಿನ ಸಂದಿನಲ್ಲಿ ಒಂದು ಬಳ್ಳಿಯ ಬೇರು ದಾರದಷ್ಟು ತೆಳ್ಳಗೆ ಹಬ್ಬಿತ್ತು. ಅದರ ಮೇಲೆ ಕಟ್ಟಿರುವೆಗಳ ಸಾಲು ಒಂದೂ ತಪ್ಪದೆ ಕ್ಲಾಸಿಗೆ ಹೊರಟಿತ್ತು. ಬಿಸಿಲು ತಾಗಿದ ಕಡೆ ಕಲ್ಲು ಬೆಚ್ಚಗೆ, ಒಂದು ಗೇಣು ಪಕ್ಕದ ನೆರಳಿನಲ್ಲಿ ತಣ್ಣಗೆ. ಬೆಂಗಳೂರಿನ ನೆಲದಡಿ ಇರುವುದೇ ಇಂಥ ಕಲ್ಲು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ಅಹಮದಾಬಾದಿನ ಐಐಎಂ ಇಟ್ಟಿಗೆಯದು, ಇದು ಕಲ್ಲಿನದು. ಆಯಾ ಊರಿನ ಮಣ್ಣು ಏನು ಕೊಡುತ್ತದೋ ಅದು.

ಸಿನಿಮಾ ನೋಡುವಾಗ ನನಗೆ ಈ ಓಣಿಗಳು ಕಂಡಿರಲೇ ಇಲ್ಲ. ಮೂವರು ನಡೆಯುತ್ತಿದ್ದರು, ಹಿಂದೆ ಏನೋ ಕಲ್ಲಿತ್ತು, ಹಸಿರಿತ್ತು, ಅಷ್ಟೆ. ಈಗ ಅದೇ ದಾರಿಯಲ್ಲಿ ನಿಂತು ಮೊಬೈಲಿನಲ್ಲಿ ತುಣುಕು ಹಾಕಿ ನೋಡಿದರೆ ನಗು ಬರುತ್ತದೆ. ಇದು ಎಂಥ ದೆಹಲಿ! ಜನವರಿಯ ಚಳಿಯಲ್ಲಿ, ಜೂನಿನ ಬಿಸಿಗಾಳಿಯಲ್ಲಿ ಗೋಡೆಯಿಲ್ಲದ ಓಣಿಯಲ್ಲಿ ನಿಂತು ಹರಟುವುದಕ್ಕೆ ದೆಹಲಿಯವರಿಗೆ ಆದೀತೇ? ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿ ಕೂತ, ವರ್ಷದ ಬಹುಪಾಲು ದಿನ ಹೊರಗೆ ನಿಲ್ಲಬಹುದಾದ ಊರಿನಲ್ಲಿ ಮಾತ್ರ ಇಂಥ ಕಾಲೇಜು ಕಟ್ಟಲು ಧೈರ್ಯ ಬರುತ್ತದೆ.

ಫೋನು ಬಂತು. “ಗುರಪ್ಪನಪಾಳ್ಯದ ಹತ್ರ ಇದೀನಿ. ಒಂದು ಬಸ್ಸು ಕೆಟ್ಟು ನಿಂತಿದೆ. ಇಳಿದು ನೋಡ್ಲಾ ಅಂತ ಯೋಚಿಸ್ತಿದೀನಿ.” “ಮಾರಾಯ, ನಿನ್ನ ಕಾರಲ್ಲೇ ಕೂತಿರು,” ಎಂದೆ. ಹಾಸ್ಟೆಲಿನ ಮೋಟಾರು, ಮೆಸ್ಸಿನ ಗ್ರೈಂಡರು, ವಾರ್ಡನ್ನರ ಸ್ಕೂಟರು, ಎಲ್ಲಕ್ಕೂ ಕೈ ಹಾಕಿ ರಿಪೇರಿ ಮಾಡಿದವನು ಅವನು. ಲ್ಯಾಬ್ ರೆಕಾರ್ಡ್ ಮಾತ್ರ ಒಮ್ಮೆಯೂ ಹೊತ್ತಿಗೆ ಸರಿಯಾಗಿ ಕೊಡಲಿಲ್ಲ. ಅವನ ಅಂಕಪಟ್ಟಿ ನೋಡಿದವರು ಯಾರೂ ಅವನ ಕೈಗೆ ಸ್ಪಾನರ್ ಕೊಡುವ ಧೈರ್ಯ ಮಾಡಲಾರರು.

ಪದವಿ ಮುಗಿಸದ ಮೇಷ್ಟ್ರು

ಈ ಓಣಿಗಳನ್ನು ಹಾಕಿದವರು ಬಾಲಕೃಷ್ಣ ವಿಠಲದಾಸ ದೋಶಿ. 1927ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಸ್ಕೂಲಿನಲ್ಲಿ ವಾಸ್ತುಶಿಲ್ಪ ಓದಲು ಸೇರಿ, ಓದು ಮುಗಿಯುವ ಮೊದಲೇ ಲಂಡನ್ನಿಗೆ ಹೊರಟರು. ಅಲ್ಲಿಂದ ಪ್ಯಾರಿಸ್‌ಗೆ ಹೋಗಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆಯ ಕಚೇರಿ ಸೇರಿದರು. ಮೊದಲ ಎಂಟು ತಿಂಗಳು ಸಂಬಳವೇ ಇಲ್ಲದೆ ಗೀಟೆಳೆದರು. ಮುಂದೆ ಅಹಮದಾಬಾದಿನಲ್ಲಿ ನೆಲೆಸಿ, ಅಲ್ಲಿಯ ಐಐಎಂ ಕಟ್ಟಲು ಅಮೆರಿಕದ ಲೂಯಿ ಕಾನ್‌ರನ್ನು ಕರೆಸುವುದರಲ್ಲಿ ಪಾಲುದಾರರಾದರು. 1962ರಲ್ಲಿ ತಾವೇ ಒಂದು ವಾಸ್ತುಶಿಲ್ಪ ಶಾಲೆ ಶುರು ಮಾಡಿದರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಅದನ್ನು ಪಡೆದ ಮೊದಲ ಭಾರತೀಯರಾದರು. 2023ರ ಜನವರಿಯಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ರಾಂಚೊನ ಕತೆ ನೆನಪು ಮಾಡಿಕೊಳ್ಳಿ. ಅವನು ತೋಟದ ಮಾಲಿಯ ಮನೆಯ ಹುಡುಗ. ಒಡೆಯನ ಮಗನ ಹೆಸರಿನಲ್ಲಿ ಕಾಲೇಜಿಗೆ ಸೇರಿ, ಓದಿ, ಬಂದ ಪದವಿಯನ್ನು ಆ ಒಡೆಯನ ಮಗನಿಗೇ ಬಿಟ್ಟು, ಕಲಿತದ್ದನ್ನು ಮಾತ್ರ ಜೊತೆಗೆ ತೆಗೆದುಕೊಂಡು ಹೋದವನು. ಪದವಿ ಬೇರೆ, ಕಲಿಕೆ ಬೇರೆ ಎಂದು ಮೂರು ಗಂಟೆ ನಗಿಸುತ್ತಾ ಹೇಳಿದ ಚಿತ್ರವನ್ನು, ಪದವಿ ಮುಗಿಸದೆ ಹೊರಟು ದೇಶದ ದೊಡ್ಡ ವಾಸ್ತುಶಿಲ್ಪಿಯಾದವರ ಓಣಿಯಲ್ಲಿ ತೆಗೆದರು. ಯಾರೂ ಬೇಕೆಂದು ಮಾಡಿದ್ದಿರಲಿಕ್ಕಿಲ್ಲ. ಆದರೆ ಇಲ್ಲಿ ನಿಂತವನಿಗೆ ಇದನ್ನು ಕಾಣದಿರಲು ಆಗುವುದಿಲ್ಲ.

ಐಐಎಂ ಬೆಂಗಳೂರು ಶುರುವಾದದ್ದು 1973ರಲ್ಲಿ, ನಗರದೊಳಗಿನ ಬಾಡಿಗೆಯ ಜಾಗದಲ್ಲಿ. ದೋಶಿಯವರ ಕೈಗೆ ಈ ಕೆಲಸ ಬಂದದ್ದು 1977ರ ಸುಮಾರಿಗೆ. ಹಂತಹಂತವಾಗಿ ತೊಂಬತ್ತರ ದಶಕದ ಆರಂಭದವರೆಗೂ ಕಟ್ಟಡ ಬೆಳೆಯಿತು. ಅವರ ಮನಸ್ಸಿನಲ್ಲಿ ಇದ್ದದ್ದು ಅಕ್ಬರನ ಫತೇಪುರ್ ಸಿಕ್ರಿ. ಒಂದಕ್ಕೊಂದು ಕೈ ಹಿಡಿದ ಅಂಗಳಗಳ ಊರು. ಜೊತೆಗೆ ದಕ್ಷಿಣದ ದೇವಾಲಯ ನಗರಗಳ ಪ್ರಾಕಾರಗಳು. ಓಣಿಯನ್ನು ಬರೀ ನಡೆಯುವ ದಾರಿ ಮಾಡದೆ ನಿಲ್ಲುವ ಜಾಗ ಮಾಡಬೇಕು. ಒಬ್ಬರಿಗೊಬ್ಬರು ಎದುರಾಗಬೇಕು, ಎದುರಾದವರಿಗೆ ಕೂರಲು ಕಟ್ಟೆ ಬೇಕು, ಮಾತು ಬೆಳೆದರೆ ನೆರಳು ಬೇಕು. ಪಾಠದ ಅರ್ಧ ತರಗತಿಯ ಹೊರಗೆ ನಡೆಯುತ್ತದೆ ಎಂಬ ನಂಬಿಕೆಯಿಂದ ಹಾಕಿದ ನಕ್ಷೆ ಇದು.

ನಮ್ಮೆದುರೇ ಅದು ನಡೆಯುತ್ತಿತ್ತು. ಒಂದು ಕಟ್ಟೆಯ ಮೇಲೆ ಇಬ್ಬರು ಹುಡುಗಿಯರು, ಒಬ್ಬ ಹುಡುಗ. ನಡುವೆ ಒಂದು ಲ್ಯಾಪ್‌ಟಾಪು, ಮೂರು ಪೇಪರ್ ಕಪ್ಪು. ನಾಳೆಯ ‘ಕೇಸ್’ ಬಗ್ಗೆ ವಾದ. ‘ಸಿಪಿ’, ಅಂದರೆ ತರಗತಿಯಲ್ಲಿ ಬಾಯಿ ಬಿಟ್ಟದ್ದಕ್ಕೆ ಸಿಗುವ ಅಂಕ, ಅದರ ಬಗ್ಗೆ ಇನ್ನೂ ಜೋರು ವಾದ. ಅಂಕದ ಚಿಂತೆ ಇಲ್ಲೂ ಬಿಟ್ಟಿಲ್ಲ ಎಂದು ಗೆಳೆಯ ಪಿಸುಗುಟ್ಟಿದ. ಬಿಟ್ಟಿಲ್ಲ ನಿಜ. ಆದರೆ ಆ ಚಿಂತೆಯನ್ನೂ ಮೂವರು ಒಂದೇ ಕಟ್ಟೆಯಲ್ಲಿ ಕೂತು ಮಾಡುತ್ತಿದ್ದರು.

ನನಗೆ ಹೊಳೆದದ್ದು ಇಷ್ಟು. ಸಿನಿಮಾದಲ್ಲಿ ಈ ಕಾಲೇಜು ಖಳನ ಕೋಟೆ. ಬೊಮನ್ ಇರಾನಿಯ ‘ವೈರಸ್’ ಇಲ್ಲಿಯ ದೊರೆ. ಎರಡು ಕೈಯಲ್ಲೂ ಒಟ್ಟಿಗೆ ಬರೆಯುವ, ಏಳೂವರೆ ನಿಮಿಷದ ನಿದ್ದೆಯಲ್ಲೇ ಗಡ್ಡ ಹೆರೆಸಿಕೊಳ್ಳುವ, ಬದುಕೆಂದರೆ ಓಟದ ಪಂದ್ಯ ಎನ್ನುವ ಮನುಷ್ಯ. ಆದರೆ ಅವನ ಕೋಟೆಯ ಕಲ್ಲುಗಳು ಅವನ ಮಾತಿಗೆ ಒಪ್ಪಿಗೆ ಕೊಡುವುದಿಲ್ಲ. ಅವು ಓಡುವವನಿಗಲ್ಲ, ನಿಲ್ಲುವವನಿಗೆ ಕಟ್ಟಿದವು. ವೈರಸ್ ಕ್ಯಾಮೆರಾದ ಮುಂದೆ ಎಷ್ಟೇ ಗುಡುಗಲಿ, ಅವನ ಬೆನ್ನ ಹಿಂದಿನ ಗೋಡೆ ರಾಂಚೊನ ಪಕ್ಷದಲ್ಲಿತ್ತು.

ಹಳಸಿದ ನಗು, ಉಳಿದ ನೋವು

ಮೆಟ್ಟಿಲ ಮೇಲೆ ಕೂತು ಚಿತ್ರದ ಮಾತಾಡಿದೆವು. ದೇಶದೊಳಗೆ ನಿವ್ವಳ 200 ಕೋಟಿ ರೂಪಾಯಿ ಗಳಿಕೆ ದಾಟಿದ ಮೊದಲ ಹಿಂದಿ ಚಿತ್ರ ಇದು. 2012ರಲ್ಲಿ ಶಂಕರ್ ಇದನ್ನು ತಮಿಳಿನಲ್ಲಿ ‘ನನ್ಬನ್’ ಎಂದು ಮಾಡಿದರು. ಅಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಕಾಲೇಜಾಯಿತು. 2017ರಲ್ಲಿ ಮೆಕ್ಸಿಕೋದವರೂ ತಮ್ಮ ಭಾಷೆಯಲ್ಲಿ ಮಾಡಿಕೊಂಡರು. ಉರುಹೊಡೆತಕ್ಕೆ ಯಾವ ದೇಶದ ಗಡಿಯೂ ಇಲ್ಲ.

ಹದಿನಾರು ವರ್ಷದ ನಂತರ ನೋಡಿದರೆ ಎಲ್ಲ ನಗೆಯೂ ನಗೆಯಾಗಿ ಉಳಿದಿಲ್ಲ. ಚತುರ್‌ನ ಭಾಷಣದ ದೃಶ್ಯಕ್ಕೆ ಅಂದು ಟಾಕೀಸು ಕಿತ್ತುಹೋಗುವಂತೆ ನಕ್ಕಿದ್ದೆವು. ಒಂದು ಶಬ್ದ ಬದಲಿಸಿ, ಅತ್ಯಾಚಾರವನ್ನು ನಗೆಯ ಸರಕು ಮಾಡಿದ ದೃಶ್ಯ ಅದು. “ನನ್ನ ಮಗಳ ಜೊತೆ ಕೂತು ನೋಡ್ತಾ ಅಲ್ಲಿ ಬಂದಾಗ ರಿಮೋಟ್ ಹುಡುಕಿದೆ,” ಎಂದ ಗೆಳೆಯ. ಇನ್ನೊಂದನ್ನೂ ಅವನೇ ಹೇಳಿದ: ಅಷ್ಟು ದೊಡ್ಡ ಕಾಲೇಜಿನ ಕತೆಯಲ್ಲಿ ಹೆಸರಿಟ್ಟು ಕರೆಯುವಂಥ ವಿದ್ಯಾರ್ಥಿನಿ ಒಬ್ಬಳೂ ಇಲ್ಲ. ಕರೀನಾ ಕಪೂರ್ ಪಾತ್ರ ಪ್ರಿನ್ಸಿಪಾಲರ ಮಗಳು, ವೈದ್ಯಕೀಯ ಓದುವವಳು. ನಮ್ಮೆದುರಿನ ಕಟ್ಟೆಯಲ್ಲಿ ಕೂತಿದ್ದ ಇಬ್ಬರು ಹುಡುಗಿಯರಿಗೆ ಆ ಇಂಪೀರಿಯಲ್ ಕಾಲೇಜಿನಲ್ಲಿ ಸೀಟೇ ಇರಲಿಲ್ಲ.

ಉಳಿದದ್ದು ಜಾಯ್ ಲೋಬೊ. ಅಲಿ ಫಜಲ್ ಮಾಡಿದ ಚಿಕ್ಕ ಪಾತ್ರ. ನಾಲ್ಕು ರೆಕ್ಕೆಯ ಪುಟ್ಟ ಯಂತ್ರಕ್ಕೆ ಕ್ಯಾಮೆರಾ ಕಟ್ಟಿ ಹಾರಿಸುವ ಹುಚ್ಚಿನ ಹುಡುಗ. ಪ್ರಾಜೆಕ್ಟು ತಡವಾಯಿತೆಂದು ಪದವಿ ಇಲ್ಲ ಎನ್ನುತ್ತಾರೆ. ರಾಂಚೊ ಅದನ್ನು ಸರಿಪಡಿಸಿ, ಹಾರಿಸಿ, ಅವನ ಕಿಟಕಿಯವರೆಗೆ ಕಳಿಸುತ್ತಾನೆ. ಕಿಟಕಿಯೊಳಗೆ ಕ್ಯಾಮೆರಾ ಕಂಡದ್ದನ್ನು ಕಂಡು ಟಾಕೀಸಿನ ನಗು ನಿಂತುಹೋಗಿತ್ತು. ಇವತ್ತು ಅಂಥ ಯಂತ್ರ ಹಳ್ಳಿಯ ಮದುವೆ ಮಂಟಪದ ಮೇಲೂ ಹಾರುತ್ತದೆ, ನಮ್ಮ ತೀರ್ಥಹಳ್ಳಿಯವನು ತೋಟಕ್ಕೆ ಔಷಧಿ ಹೊಡೆಯಲು ಬಾಡಿಗೆಗೆ ತರಿಸುತ್ತಾನೆ. ಡ್ರೋನು ಗೆದ್ದಿತು. ಕಿಟಕಿಗಳ ಒಳಗಿನ ಸುದ್ದಿ ಮಾತ್ರ ಪತ್ರಿಕೆಯಲ್ಲಿ ಇನ್ನೂ ಬರುತ್ತಲೇ ಇದೆ.

ಈ ಚಿತ್ರವನ್ನು ಹಾಸ್ಯಚಿತ್ರ ಎನ್ನುವಾಗ ನನಗೆ ರಾಂಚೊ ಹೇಳುವ ಕಾವಲುಗಾರನ ಕತೆ ನೆನಪಾಗುತ್ತದೆ. ರಾತ್ರಿಯಿಡೀ ಎಲ್ಲ ಸರಿಯಿದೆ ಎಂದು ಕೂಗುತ್ತಾ ಬೀದಿ ಸುತ್ತುವ ಮುದುಕ. ಊರು ನೆಮ್ಮದಿಯಾಗಿ ಮಲಗುತ್ತದೆ. ಒಂದು ದಿನ ಕಳ್ಳತನವಾದಾಗ ಗೊತ್ತಾಗುತ್ತದೆ, ಅವನಿಗೆ ಇರುಳುಗುರುಡು. ಎದೆ ಹೆದರುಪುಕ್ಕಲು, ಅದಕ್ಕೆ ಸುಳ್ಳು ಹೇಳಿ ಸಮಾಧಾನ ಮಾಡಬೇಕು ಎಂಬುದು ರಾಂಚೊನ ಪಾಠ. ನಾವು ಹಾಸ್ಟೆಲಿನಲ್ಲಿ ಮಾಡಿದ್ದೂ ಅದನ್ನೇ. ಫಲಿತಾಂಶದ ಹಿಂದಿನ ರಾತ್ರಿ ಮೂವರೂ ಇರುಳುಗುರುಡರೇ, ಆದರೂ ಸರದಿಯ ಮೇಲೆ ಒಬ್ಬೊಬ್ಬರು ಎಲ್ಲ ಸರಿಯಿದೆ ಎಂದು ಕೂಗುತ್ತಿದ್ದೆವು.

“ಜಯದೇವ ಮಾರಾಯ, ಜಯದೇವ!” ಎಂದು ತೀರ್ಥಹಳ್ಳಿಯವನ ಫೋನು ಕೂಗಿತು. ಗಂಟೆ ನಾಲ್ಕೂ ಇಪ್ಪತ್ತು.

ತಾರಸಿ ಬರುವುದಿಲ್ಲ

ಹಾಸ್ಟೆಲುಗಳ ಕಡೆ ಹೊರಗಿನವರಿಗೆ ಪ್ರವೇಶವಿಲ್ಲ. ನಮ್ಮ ಹೊಣೆ ಹೊತ್ತವರು ದೂರದಿಂದಲೇ ಕೈ ತೋರಿಸಿದರು: ಅಲ್ಲಿ ಮರಗಳ ಹಿಂದೆ ವಿದ್ಯಾರ್ಥಿನಿಲಯಗಳು, ಆ ಕಡೆ ‘ಎಲ್ ಸ್ಕ್ವೇರ್’, ಹುಡುಗರು ರಾತ್ರಿ ಸೇರುವ, ಹುಟ್ಟುಹಬ್ಬದವನನ್ನು ಗೋಳುಹೊಯ್ದುಕೊಳ್ಳುವ ಚೌಕ. ಹಳೆಯ ವಿದ್ಯಾರ್ಥಿಗಳು ಬಂದರೆ ಮೊದಲು ಹುಡುಕುವುದು ತರಗತಿಯನ್ನಲ್ಲ, ಆ ಚೌಕವನ್ನು ಎಂದರು. ಪ್ರತಿ ವರ್ಷ ‘ಅನುಸ್ಮರಣ್’ ಎಂಬ ಹೆಸರಿನಲ್ಲಿ ಹಳೆಯ ವಿದ್ಯಾರ್ಥಿಗಳು ಹಲವು ಊರುಗಳಲ್ಲಿ ಸೇರುತ್ತಾರೆ.

ಗೆಳೆಯ ಕತ್ತು ಎತ್ತಿ ತಾರಸಿಗಳ ಅಂಚಿನಲ್ಲಿ ಟ್ಯಾಂಕು ಹುಡುಕುತ್ತಲೇ ಇದ್ದ. ಕಂಡದ್ದು ಮಳೆಮರದ ಕೊಂಬೆ, ಅದರ ಮೇಲೊಂದು ಹದ್ದು. ಸಿನಿಮಾ ಕಾಣಿಸಿದ ಕಾಲೇಜು ಎಲ್ಲವೂ ಒಂದು ಕಡೆ ಇರುವುದಿಲ್ಲ. ಓಣಿ ಒಂದು ಕಡೆ, ಕೋಣೆ ಇನ್ನೊಂದು ಕಡೆ, ನಡುವಿನದ್ದು ಎಡಿಟಿಂಗ್ ಮೇಜಿನ ಮೇಲೆ. ನಮ್ಮ ನೆನಪೂ ಹಾಗೇ ಅಲ್ಲವೇ? ಟ್ಯಾಂಕಿನ ಮೇಲೆ ಕೂತು ಕುಡಿದು ಪ್ರಿನ್ಸಿಪಾಲರನ್ನು ಬೈದ ರಾತ್ರಿ ನಡೆದದ್ದು ನಮ್ಮ ಕಾಲೇಜಿನಲ್ಲೋ, ಇವರ ಸಿನಿಮಾದಲ್ಲೋ ಎಂದು ನಾನೂ ಗೆಳೆಯನೂ ಹತ್ತು ನಿಮಿಷ ಜಗಳವಾಡಿದೆವು. ನಮ್ಮ ಹಾಸ್ಟೆಲಿನ ತಾರಸಿಗೆ ಬೀಗ ಇತ್ತು ಎಂದು ಕೊನೆಗೆ ಇಬ್ಬರಿಗೂ ನೆನಪಾಯಿತು.

ನಾವು ನಡೆದ ದಾರಿಯಲ್ಲಿ ಇಲ್ಲಿ ಇಂಥ ಚಿತ್ರ ತೆಗೆದರು ಎಂಬ ಒಂದು ಫಲಕವೂ ಕಾಣಲಿಲ್ಲ. ಚಿತ್ರದ ಕೊನೆಯ ದೃಶ್ಯ ನಡೆದ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಕತೆ ಬೇರೆ. 4,200 ಮೀಟರಿಗೂ ಎತ್ತರದ, ಉಪ್ಪುನೀರಿನ ಆ ನೀಲಿ ದಂಡೆಯಲ್ಲಿ ಕರೀನಾ ಓಡಿಸಿದಂಥ ಹಳದಿ ಸ್ಕೂಟರು, ಪೋಸ್ಟರಿನಲ್ಲಿದ್ದಂಥ ಮೂರು ಬಣ್ಣದ ಕುರ್ಚಿ ಇಟ್ಟು ಫೋಟೊಗೆ ದುಡ್ಡು ಪಡೆಯುವುದು ಒಂದು ಕಸುಬೇ ಆಗಿದೆ. ರಾಂಚೊನ ಶಾಲೆಯಾಗಿ ಕಾಣಿಸಿದ ಶೇ ಗ್ರಾಮದ ದ್ರುಕ್ ಪದ್ಮ ಕಾರ್ಪೊ ಶಾಲೆಗೆ ಪ್ರವಾಸಿಗರ ನುಗ್ಗಾಟ ಎಷ್ಟಾಯಿತೆಂದರೆ, ಚಿತ್ರದಿಂದ ಹೆಸರಾದ ಗೋಡೆಗೆ 2018ರಲ್ಲಿ ಸುಣ್ಣ ಬಳಿಯಬೇಕಾಯಿತು. ಮಕ್ಕಳ ಪಾಠಕ್ಕೆ ತೊಂದರೆಯಾಗುತ್ತಿತ್ತು. ಕಲಿಕೆಯ ಬಗ್ಗೆ ತೆಗೆದ ಚಿತ್ರವೇ ಕಲಿಕೆಗೆ ಅಡ್ಡ ಬಂದದ್ದನ್ನು ಕಂಡು ರಾಂಚೊ ಏನೆನ್ನುತ್ತಿದ್ದನೋ.

ನಮ್ಮ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೂ ಹೀಗೇ ಸಿನಿಮಾ ಬಂದಿತ್ತು. 2016ರ ಕೊನೆಗೆ ತೆರೆಗೆ ಬಂದ ‘ಕಿರಿಕ್ ಪಾರ್ಟಿ’ ಅಲ್ಲಿಯದು. ಅದರಲ್ಲಿ ಪದವಿಯ ತತ್ವವೇನೂ ಇಲ್ಲ. ಬಂಕು, ಹೊಡೆದಾಟ, ಹಳೆಯದೊಂದು ಕಾರು, ಒಂದು ಸಾವು, ಗೆಳೆತನ. ಆದರೂ ನಮ್ಮಂಥವರು ಹೆಚ್ಚು ಗುರುತಿಸಿಕೊಂಡದ್ದು ಅದರೊಂದಿಗೇ. ಅಲ್ಲಿಯ ಕಾರಿಡಾರಿನ ಬಣ್ಣ, ನೋಟಿಸ್ ಬೋರ್ಡಿನ ಗುಂಡುಸೂಜಿ, ಕ್ಯಾಂಟೀನಿನ ಬೆಂಚು ಎಲ್ಲ ನಾವು ಕಂಡದ್ದೇ. ಇಂಪೀರಿಯಲ್ ಕಾಲೇಜು ನಾವು ಸೇರಬೇಕೆಂದಿದ್ದ ಜಾಗ. ಹಾಸನದ್ದು ನಾವು ಸೇರಿದ ಜಾಗ.

ಹೊರಗಿನ ಓಣಿ

ಐದಕ್ಕೆ ಐದು ನಿಮಿಷ ಇರುವಾಗ ಗೇಟಿಗೆ ಬಂದೆವು. ರಿಜಿಸ್ಟರಿನಲ್ಲಿ ಹೊರಹೋದ ಸಮಯ ಬರೆಯುತ್ತಿದ್ದ ಹಾಗೇ ಶಿವಮೊಗ್ಗ ಪಾಸಿಂಗಿನ ಒಂದು ಬಿಳಿ ಕಾರು ಫುಟ್‌ಪಾತಿನ ಪಕ್ಕ ಬಂದು ನಿಂತಿತು. ಇಳಿದವನ ಅಂಗಿಯ ತೋಳು ಮೊಳಕೈವರೆಗೆ ಮಡಿಚಿತ್ತು. ಅಂಗೈ ತುಂಬ ಕರಿ ಗ್ರೀಸು.

“ಇಳಿದುಬಿಟ್ಯಾ ಬಸ್ಸಿಗೆ?”

“ಫ್ಯಾನ್ ಬೆಲ್ಟು ಕಣೋ. ಐದು ನಿಮಿಷದ ಕೆಲಸ. ಪಾಪ, ಡ್ರೈವರು ಒಬ್ಬನೇ ಒದ್ದಾಡ್ತಿದ್ದ.” ಆಮೇಲೆ ಗೇಟಿನತ್ತ ತಿರುಗಿ, “ಹೋಗಣಾ ಒಳಗೆ?”

“ಟೈಮ್ ಮುಗೀತು ಸಾರ್,” ಎಂದರು ಕಾವಲುಗಾರರು. ಬೇಸರ ಅವರ ದನಿಯಲ್ಲೇ ಹೆಚ್ಚಿತ್ತು.

ಅವನು ಗೇಟಿನ ಕಂಬಿಯ ನಡುವಿನಿಂದ ಮರ, ಕಲ್ಲು, ನೆರಳು, ಕಂಡಷ್ಟು ನೋಡಿದ. ಕಾರಿನಿಂದ ಒಂದು ಚೀಲ ತೆಗೆದ. ಹಲಸಿನ ಹಪ್ಪಳ, ಮೂರು ಕಟ್ಟು. ರಸ್ತೆಯ ಆ ಬದಿ, ಮೆಟ್ರೊ ಕಂಬದ ನೆರಳಿನಲ್ಲಿ ಒಂದು ಟೀ ಗಾಡಿ ಇತ್ತು. ಮೇಲೆ ಕಾಂಕ್ರೀಟು ತೊಲೆ, ತೊಲೆಗಳ ಸಂದಿನಿಂದ ಪಟ್ಟೆಪಟ್ಟೆ ಬಿಸಿಲು. ಕೂರಲು ಫುಟ್‌ಪಾತಿನ ಕಲ್ಲು. ಎದುರಾದವರಿಗೆ ಕಟ್ಟೆ ಬೇಕು, ಮಾತು ಬೆಳೆದರೆ ನೆರಳು ಬೇಕು, ಅಷ್ಟೇ ತಾನೇ? ದೋಶಿಯವರ ನಕ್ಷೆಯಲ್ಲಿ ಇಲ್ಲದ ಒಂದು ಓಣಿ ಗೇಟಿನ ಹೊರಗೂ ಇತ್ತು. ಹದಿನಾರು ವರ್ಷದ ಮಾತು ಅಲ್ಲಿ ಮೂರು ಟೀ ಆಗುವಷ್ಟು ಬೆಳೆಯಿತು. ಯಾರ ಸಂಬಳ ಎಷ್ಟು ಎಂಬುದು ಬರಲಿಲ್ಲ; ಯಾರ ರಕ್ತದೊತ್ತಡ ಎಷ್ಟು ಎಂಬುದು ಬಂತು.

ಮೂರನೆಯ ಟೀಗೆ ಚಿಲ್ಲರೆ ಹುಡುಕುತ್ತಾ ಅವನು ಗಂಭೀರವಾಗಿ ಕೇಳಿದ:

“ಅದಿರಲಿ, ಟ್ಯಾಂಕ್ ಸಿಕ್ತಾ?”

“ಸಿಕ್ಲಿಲ್ಲ.”

“ಥತ್, ನಾನೊಬ್ಬ ಇರಬೇಕಿತ್ತು. ಪೈಪಿನ ಲೈನ್ ಹಿಡ್ಕೊಂಡು ಹೋದ್ರೆ ಎರಡು ನಿಮಿಷದ ಕೆಲಸ.”